ಪದಚರ್ಚೆ: ಮಠ, ಮಿಷನ್, ಗುರುದ್ವಾರದವರು ಊರು ಕಟ್ಟಿಕೊಡುವ ಕೆಲಸಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನೆರೆ, ಭೂಕಂಪ, ಯುದ್ಧ ಆದ ಕಡೆ ಮಠ, ಮಿಷನ್, ಮಸೀದಿ, ಗುರುದ್ವಾರದವರು ಹೋಗಿ ಮೊದಲು ಊಟ ಹಾಕುತ್ತಾರೆ. ಆಮೇಲೆ ಮನೆ, ಶಾಲೆ ಕಟ್ಟಿಕೊಡುತ್ತಾರೆ. ಇದರ ಬಗ್ಗೆ ಸ್ವಯಂಸೇವಕರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆಲ್ಲ ಸೇರಿ ಒಂದು ಹೆಸರು ಬೇಕಾಗಿದೆ.

‘ಧಾರ್ಮಿಕ ನೆರವು’ ಅಂತ ಬರೆದರೆ ಓದುವವರು ಗುಡಿಯ ಜೀರ್ಣೋದ್ಧಾರಕ್ಕೆ ಕೊಡುವ ದುಡ್ಡು ಅಂದುಕೊಳ್ಳುತ್ತಾರೆ. ‘ಧಾರ್ಮಿಕ ಸೇವೆ’ ಇನ್ನೂ ಕಷ್ಟ. ನಮ್ಮಲ್ಲಿ ಸೇವೆ ಅಂದ್ರೆ ಕೌಂಟರಿನಲ್ಲಿ ರಸೀದಿ ಮಾಡಿಸುವ ಕುಂಕುಮಾರ್ಚನೆ, ರಂಗಪೂಜೆ, ಅಲ್ವಾ? ‘ಧರ್ಮ’ ಒಂದನ್ನೇ ಇಟ್ಟರೆ ಬಿಟ್ಟಿ ಅನ್ನುವ ವಾಸನೆ ಬರುತ್ತದೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಅನ್ನುವ ಗಾದೆಯೇ ಇದೆ. ಮನೆ ಕಳೆದುಕೊಂಡವರು ಹೊಸ ಮನೆಯ ಅಳತೆ ಕೇಳಿದರೆ ತಪ್ಪೇನು? ಆ ಗಾದೆಯ ನೆರಳು ಅವರ ಮೇಲೆ ಬೀಳುವುದು ನನಗೆ ಇಷ್ಟವಿಲ್ಲ.

‘ಪರಿಹಾರ’ ಸವೆದು ಹೋಗಿದೆ. ದೋಷಕ್ಕೂ ಪರಿಹಾರ, ಸಮಸ್ಯೆಗೂ ಪರಿಹಾರ, ಸತ್ತ ಎಮ್ಮೆಗೂ ಪರಿಹಾರ. ಹಳ್ಳಿಯಲ್ಲಿ ‘ಪರಿಹಾರ ಬಂತಾ?’ ಅಂತ ಕೇಳಿದರೆ ದುಡ್ಡು ಬಂತಾ ಅಂತಲೇ ಅರ್ಥ. 2009ರ ನೆರೆಯಲ್ಲಿ ಉತ್ತರ ಕರ್ನಾಟಕದ ಊರುಗಳು ಮುಳುಗಿದಾಗ, ಮನೆ ಕಟ್ಟಿಸುವ ಯೋಜನೆಗೆ ಸರ್ಕಾರ ‘ಆಸರೆ’ ಅಂತ ಹೆಸರಿಟ್ಟಿತು. ಅದರಲ್ಲಿ ಕಂಪನಿಗಳೂ ಮಠಗಳೂ ಕೈಜೋಡಿಸಿದವು. ರಾಯಚೂರು ಕಡೆಯ ಡೊಂಗರಾಂಪುರದಲ್ಲಿ ಮಾತಾ ಅಮೃತಾನಂದಮಯಿ ಮಠ ಮನೆ ಕಟ್ಟಿತು. ಯಾರು ಕಟ್ಟಿಸಿದರೂ ಜನರ ಬಾಯಲ್ಲಿ ಅದು ‘ಆಸರೆ ಮನೆ’. ಒಳ್ಳೆ ಪದ. ಆದರೆ ಈಗ ಅದು ಯೋಜನೆಯ ಹೆಸರಾಗಿಯೇ ಅಂಟಿಕೊಂಡಿದೆ.

(ಹಾಗೇ ‘ಗಂಜಿ ಕೇಂದ್ರ’ ಹೋಗಿ ‘ಕಾಳಜಿ ಕೇಂದ್ರ’ ಬಂತು. ಗಂಜಿ ಅಂದಾಗ ಒಳಗೆ ಏನು ಸಿಗುತ್ತದೆ ಅಂತಲಾದರೂ ಗೊತ್ತಾಗುತ್ತಿತ್ತು!)

ನನ್ನ ಮನಸ್ಸು ‘ದಾಸೋಹ’ದ ಕಡೆ ವಾಲುತ್ತಿದೆ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ಶರಣರು ಕಾಯಕದಿಂದ ಬಂದದ್ದನ್ನು ಹಂಚಿಕೊಳ್ಳುವುದಕ್ಕೆ ಇಟ್ಟ ಹೆಸರು ಅದು. ಈಗ ಊಟಕ್ಕೇ ಜಾಸ್ತಿ ಬಳಕೆ, ನಿಜ. ಆದರೆ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರನ್ನು ‘ತ್ರಿವಿಧ ದಾಸೋಹಿ’ ಅನ್ನುವಾಗ ಅನ್ನ, ಅಕ್ಷರದ ಜೊತೆ ಆಶ್ರಯವೂ ಸೇರಿದೆ. ಶಾಲೆಯ ಬಿಸಿಯೂಟದ ಯೋಜನೆಗೂ ‘ಅಕ್ಷರ ದಾಸೋಹ’ ಅಂತಲೇ ಹೆಸರು. ಹಾಗಾದ್ರೆ ‘ಮನೆ ದಾಸೋಹ’ ಅಂದರೆ ಕಿವಿಗೆ ಒಗ್ಗುತ್ತದೆಯಾ? ನನಗೇನೋ ಒಗ್ಗಿತು. ಆದರೆ ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ ಓಣಿಯ ಬಾಯಿಗೆ ನಿಲ್ಲಿಸಿದ ಮೇಲೂ ಅದು ದಾಸೋಹವೇ? ಇದಕ್ಕೆ ಮಾತ್ರ ನನ್ನ ಮನಸ್ಸು ಒಪ್ಪುತ್ತಿಲ್ಲ.

ಬೇರೆ ಧರ್ಮದವರ ಕೆಲಸಕ್ಕೆ ಈ ಪದ ಹಾಕಬಹುದಾ ಅನ್ನುವುದು ಇನ್ನೊಂದು ತೊಡಕು. ಖಾಲ್ಸಾ ಏಡ್ ಅನ್ನುವ ಸಿಖ್ಖರ ಸಂಸ್ಥೆ ಶುರುವಾದದ್ದೇ 1999ರಲ್ಲಿ, ಕೊಸೊವೊ ಯುದ್ಧದ ನಿರಾಶ್ರಿತರಿಗೆ ಸಾಮಾನು ಒಯ್ಯುವುದರಿಂದ. ಗುರುದ್ವಾರದಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ಹಾಕುವ ಊಟಕ್ಕೆ ಅವರ ಪದ ಲಂಗರ್. ಅದನ್ನು ಹಾಗೇ ಇಟ್ಟು ‘ಗಡಿಯಲ್ಲಿ ಲಂಗರು ಹಾಕಿದರು’ ಅಂತ ಬರೆದರೆ ನಮ್ಮವರು ಹಡಗು ಹುಡುಕುತ್ತಾರೆ. ‘ಜಕಾತ್’ ಕಥೆಯೂ ಅಷ್ಟೇ. ಮುಸ್ಲಿಮರು ಉಳಿತಾಯದಲ್ಲಿ ನೂರಕ್ಕೆ ಎರಡೂವರೆ ತೆಗೆದಿಡುವ ಕಟ್ಟಳೆ ಅದು. ಬಡವರ ಜೊತೆಗೆ ಸಾಲದಲ್ಲಿ ಸಿಕ್ಕವರು, ದಾರಿಯಲ್ಲಿ ದಿಕ್ಕು ತಪ್ಪಿದವರೂ ಅದನ್ನು ಪಡೆಯುವವರ ಪಟ್ಟಿಯಲ್ಲಿದ್ದಾರೆ. ಕನ್ನಡಕ್ಕೆ ಬಂದ ‘ಜಕಾತಿ’ ಮಾತ್ರ ಸಂತೆಗೆ ಹೋಗುವ ಗಾಡಿ ತಡೆದು ವಸೂಲಿ ಮಾಡುವ ಸುಂಕವಾಯಿತು. ಕೊಡುವ ಪದ ನಮ್ಮಲ್ಲಿ ಕೀಳುವ ಪದ!

ಸದ್ಯಕ್ಕೆ ಹೀಗೆ ಮಾಡಿದ್ದೇನೆ: ಅವರವರ ಕೆಲಸಕ್ಕೆ ಅವರವರ ಪದ. ಲಂಗರ್, ಜಕಾತ್ ಎರಡನ್ನೂ ಕೊನೆಯ ಉಕಾರ, ಇಕಾರ ಇಲ್ಲದೆ ಬರೆಯುವುದು. ಒಟ್ಟಾಗಿ ಹೇಳುವಾಗ ಸುಮ್ನೆ ‘ಮಠ-ಮಂದಿಯ ನೆರವು’ ಅನ್ನುವುದು. ಇದರಲ್ಲಿ ಮಸೀದಿ, ಚರ್ಚು ಹೊರಗೆ ಉಳಿದ ಹಾಗೆ ಕೇಳುತ್ತದೆಯಾ? ಕರಾವಳಿಯ ಕ್ರೈಸ್ತರು, ಬ್ಯಾರಿಗಳು ಮನೆಯಲ್ಲಿ ಇದಕ್ಕೆ ಏನಂತಾರೆ? ಬೀದರ್, ಕಲಬುರಗಿ ಕಡೆಯವರೂ ತಿಳಿಸಿ. ನಿಘಂಟಿನ ಪದಕ್ಕಿಂತ ಅಡುಗೆಮನೆಯಲ್ಲಿ ಆಡುವ ಪದ ಸಿಕ್ಕರೆ ಒಳ್ಳೆಯದು.