ಮಿತಿಯ ಲೆಕ್ಕದಲ್ಲಿ ‘ಹೊಡೆದು ಹಾಕು’ ಅನ್ನುವುದಕ್ಕೆ ಬೇರೆ ಪದ ಇದೆಯೇ?

ಗೆಳೆಯರೆ,

ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ಮಕ್ಕಳಿಗಾಗಿ ‘ಮಿತಿ’ (ಲಿಮಿಟ್) ಪಾಠದ ಟಿಪ್ಪಣಿ ಬರೆಯುತ್ತಿದ್ದೇನೆ. ಎಕ್ಸ್ ಒಂದು ಸಂಖ್ಯೆಯ ಹತ್ತಿರ ಹತ್ತಿರ ಬಂದಾಗ ಲೆಕ್ಕದ ಬೆಲೆ ಯಾವ ಸಂಖ್ಯೆಯ ಹತ್ತಿರ ಹೋಗುತ್ತದೋ ಅದೇ ಮಿತಿ. ಅಂಶ, ಛೇದ, ಬಹುಪದೋಕ್ತಿ, ಅಪವರ್ತನ ಎಲ್ಲ ಅವರಿಗೆ ಗೊತ್ತಿರುವ ಪದಗಳೇ. ನನ್ನ ತಕರಾರು ಇರುವುದು ಒಂದು ಕ್ರಿಯಾಪದದ ಜೊತೆ.

ಈ ಲೆಕ್ಕ ನೋಡಿ: (ಎಕ್ಸ್² − 5ಎಕ್ಸ್ + 6) / (ಎಕ್ಸ್ − 2). ಎಕ್ಸ್ 2ನ್ನು ಸಮೀಪಿಸಿದಾಗ ಇದರ ಮಿತಿ ಎಷ್ಟು? ನೇರವಾಗಿ 2 ಹಾಕಿದರೆ ಮೇಲೂ ಸೊನ್ನೆ, ಕೆಳಗೂ ಸೊನ್ನೆ. ಅಂಶವನ್ನು ಅಪವರ್ತಿಸಿದರೆ (ಎಕ್ಸ್ − 2)(ಎಕ್ಸ್ − 3). ಆಮೇಲೆ ಮೇಷ್ಟ್ರು ಹೇಳುವುದು, ‘ಎಕ್ಸ್ − 2 ಎರಡೂ ಕಡೆ ಹೊಡೆದು ಹಾಕಿ’. ಉಳಿದದ್ದು ಎಕ್ಸ್ − 3, ಉತ್ತರ −1.

‘ಹೊಡೆದು ಹಾಕು’ ಬಾಯಿಗೆ ಸಲೀಸು, ನಿಜ. ಆದರೆ ಏನು ನಡೆಯಿತು ಅಂತ ಅದು ಹೇಳುವುದಿಲ್ಲ. ಅಂಶ, ಛೇದ ಎರಡನ್ನೂ ಎಕ್ಸ್ − 2ರಿಂದ ಭಾಗಿಸಿದೆವು, ಅಷ್ಟೇ. ಸೊನ್ನೆಯಿಂದ ಭಾಗಿಸುವ ಹಾಗಿಲ್ಲವಲ್ಲ? ಇಲ್ಲಿ ಭಾಗಿಸಬಹುದು, ಯಾಕೆಂದರೆ ಎಕ್ಸ್ 2ರ ಹತ್ತಿರ ಬರುತ್ತದೆ, 2 ಆಗುವುದಿಲ್ಲ. ಲೆಕ್ಕದ ಜೀವ ಇರುವುದೇ ಅಲ್ಲಿ. ಬರೀ ಹೊಡೆಯುವುದನ್ನು ಕಲಿತವರು (ಎಕ್ಸ್ + 6)/(ಎಕ್ಸ್ + 2)ರಲ್ಲೂ ಎಕ್ಸ್ ಹೊಡೆದು 3 ಅಂತ ಬರೆದುಬಿಡುತ್ತಾರೆ.

‘ರದ್ದು ಮಾಡು’ ಅಂದರೆ ರೈಲು ಟಿಕೆಟ್ ನೆನಪಾಗುತ್ತದೆ. ‘ಸುಲಭೀಕರಿಸು’ ಪೂರ್ತಿ ಲೆಕ್ಕಕ್ಕೆ ಹೇಳುವ ಮಾತು, ಈ ಒಂದು ಹೆಜ್ಜೆಗಲ್ಲ. ಸದ್ಯಕ್ಕೆ ‘ಭಾಗಿಸಿ ತೆಗೆ’ ಅಂತ ಬರೆದಿದ್ದೇನೆ. ಕಿವಿಗೆ ಸ್ವಲ್ಪ ಒರಟು, ಅಲ್ವಾ?

‘ಮಿತಿ’ಯ ಬಗ್ಗೆಯೂ ಸಣ್ಣ ಅನುಮಾನ. ಮಿತಿ ಅಂದರೆ ಮೀರಬಾರದ್ದು ಅಂತ ನಮ್ಮ ರೂಢಿ: ವೇಗದ ಮಿತಿ, ಸಾಲದ ಮಿತಿ. ಮೇಲಿನ ಲೆಕ್ಕದಲ್ಲಿ ಎಕ್ಸ್‌ಗೆ 1.99 ಕೊಟ್ಟರೆ −1.01, 2.01 ಕೊಟ್ಟರೆ −0.99. ಬೆಲೆ −1ರ ಎರಡೂ ಪಕ್ಕದಲ್ಲಿ ಓಡಾಡುತ್ತದೆ. ಇಲ್ಲಿ ಮೀರುವ ಮಾತೇ ಇಲ್ಲ. ಹಿಂದಿಯವರು ‘ಸೀಮಾ’ ಅನ್ನುತ್ತಾರೆ. ನಾವು ‘ಸೀಮೆ’ ಅಂದರೆ ಸೀಮೆಎಣ್ಣೆ, ಸೀಮೆಸುಣ್ಣದ ಸಾಲಿಗೆ ಸೇರಿಬಿಡುತ್ತದೆ! ಹಾಗಾಗಿ ‘ಮಿತಿ’ಯನ್ನೇ ಉಳಿಸಿಕೊಂಡು, ಪಕ್ಕದಲ್ಲಿ ಒಂದು ವಾಕ್ಯ ವಿವರಣೆ ಕೊಡುತ್ತೇನೆ.

ಇನ್ನೊಂದು ಪ್ರಶ್ನೆ 0/0 ಬಗ್ಗೆ. ಇದಕ್ಕೆ ‘ಅನಿರ್ಧಾರ್ಯ ರೂಪ’ ಅನ್ನಲೇ? ‘ಬೆಲೆ ಇಲ್ಲ’ ಅಂದರೆ ತಪ್ಪಾಗುತ್ತದೆ, ಮೇಲೆ −1 ಸಿಕ್ಕಿತಲ್ಲ. ಹಾಗಂತ ಯಾವಾಗಲೂ ಸಿಗುತ್ತದೆ ಅಂತಲೂ ಇಲ್ಲ. (ಎಕ್ಸ್ − 2)/(ಎಕ್ಸ್² − 4ಎಕ್ಸ್ + 4)ರಲ್ಲೂ 2 ಹಾಕಿದರೆ 0/0 ಬರುತ್ತದೆ. ಆದರೆ ಭಾಗಿಸಿ ತೆಗೆದ ಮೇಲೂ ಛೇದದಲ್ಲಿ ಒಂದು ಎಕ್ಸ್ − 2 ಉಳಿಯುತ್ತದೆ. 2.01ಕ್ಕೆ 100, 1.99ಕ್ಕೆ −100. ಅದಕ್ಕೆ ಮಿತಿಯೇ ಇಲ್ಲ. ‘ಇನ್ನೂ ತೀರ್ಮಾನ ಆಗಿಲ್ಲ, ಮುಂದೆ ಬಿಡಿಸಿ ನೋಡು’ ಅನ್ನುವ ಅರ್ಥ ಬರುವ, ಹದಿನಾರರ ಹುಡುಗರ ನಾಲಿಗೆಗೆ ಒಗ್ಗುವ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ಬರೆಯಿರಿ.