ಕಪ್ಪು ಅಮೆರಿಕನ್ನರ ಚರಿತ್ರೆ: ದಾವಣಗೆರೆಯಲ್ಲಿ ಕೂತು ಮೂಲ ದಾಖಲೆ ಹುಡುಕೋದು ಹೇಗೆ?

ಹತ್ತಿಮಿಲ್ ಮೊಮ್ಮಗಳು:
ನಮಸ್ಕಾರ. ತೋಳಹುಣಸೆಯಲ್ಲಿ ಎಂ.ಎ. ಇತಿಹಾಸ ಓದುತ್ತಿದ್ದೇನೆ. 1865ರಲ್ಲಿ ಗುಲಾಮಗಿರಿ ಹೋದ ಮೇಲೆ ಅಮೆರಿಕದ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರ ಕೂಲಿ ಬದುಕಿನ ಬಗ್ಗೆ ಕಿರುಪ್ರಬಂಧ ಬರೆಯಬೇಕು. ಅಜ್ಜ ಇಲ್ಲಿನ ಹತ್ತಿ ಮಿಲ್ಲಿನಲ್ಲಿದ್ದರು, ಅದಕ್ಕೇ ಈ ಹುಚ್ಚು. ನಾಲ್ಕು ಪುಸ್ತಕ ಓದಿ ಐದನೆಯದು ಬರೆಯಬೇಡ, ಆ ಕಾಲದ ಕಾಗದ ತೋರಿಸು ಅಂತಾರೆ ಗೈಡ್. ಅಮೆರಿಕಕ್ಕೆ ಹೋಗೋ ಮಾತಂತೂ ಇಲ್ಲ. ಗೂಗಲ್ ಮಾಡಿದರೆ ಮಾರ್ಟಿನ್ ಲೂಥರ್ ಕಿಂಗ್ ಪೋಸ್ಟರ್‌ಗಳೇ ಬರುತ್ತವೆ. ದುಡ್ಡು ಕೇಳದ ಜಾಗ ಇದೆಯಾ?

ದುರ್ಗದ ಮೇಷ್ಟ್ರು:
ಇದೆ ತಾಯಿ, ಬೇಕಾದಷ್ಟಿದೆ. ಆದರೆ ಮೊದಲು ಜಾಗ, ವರ್ಷ ಎರಡನ್ನೂ ಗಟ್ಟಿ ಮಾಡಿಕೋ. "ಅಮೆರಿಕದ ಹತ್ತಿ ಹೊಲ" ಅಂತ ಅಷ್ಟಗಲ ಹುಡುಕಿದರೆ ಪೋಸ್ಟರೇ ಸಿಗೋದು. ಮಿಸಿಸಿಪ್ಪಿ ರಾಜ್ಯ ಅಂತ ಹುಡುಕು, ಅದರಲ್ಲಿ ಒಂದು ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಹಿಡಿ, 1865ರಿಂದ 68ರವರೆಗೆ ಸಾಕು.

ನಿನ್ನ ವಿಷಯಕ್ಕೆ ಹೇಳಿ ಮಾಡಿಸಿದಂತಿರೋದು ಫ್ರೀಡ್‌ಮೆನ್ಸ್ ಬ್ಯೂರೋ ಕಡತಗಳು. ಅಮೆರಿಕದ ಸರ್ಕಾರ 1865ರ ಮಾರ್ಚ್‌ನಲ್ಲಿ ಶುರು ಮಾಡಿ 1872ರಲ್ಲಿ ಮುಚ್ಚಿದ ಇಲಾಖೆ. ಬಿಡುಗಡೆಯಾದವರ ರೇಷನ್, ಶಾಲೆ, ಮದುವೆ ನೋಂದಣಿ, ಕೂಲಿ ಕರಾರು ಎಲ್ಲ ಅಲ್ಲಿಗೇ ಬರುತ್ತಿದ್ದವು. ಅಸಲು ಕಾಗದ ಅವರ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಫ್ಯಾಮಿಲಿಸರ್ಚ್ ತಾಣದಲ್ಲಿ ಖಾತೆ ತೆರೆದರೆ ಸ್ಕ್ಯಾನ್ ನೋಡಬಹುದು, ಕಾಸಿಲ್ಲ.

ಒಂದು ಕರಾರು ತೆರೆದು ನಿಧಾನಕ್ಕೆ ಓದು. ಮೇಲೆ ಜಮೀನುದಾರನ ಹೆಸರು. ಆಮೇಲೆ ಷರತ್ತು: ತಿಂಗಳ ಕೂಲಿಯೋ ಬೆಳೆಯಲ್ಲಿ ಪಾಲೋ, ಊಟಕ್ಕೆ ಹಂದಿಮಾಂಸ, ಮೆಕ್ಕೆಜೋಳದ ಹಿಟ್ಟು, ಕೆಲಸ ತಪ್ಪಿಸಿದರೆ ಎಷ್ಟು ಮುರಿದುಕೊಳ್ಳಬೇಕು. ಕೆಳಗೆ ಆಳುಗಳ ಪಟ್ಟಿ. ಹೆಸರು ಬರೆದವನು ಗುಮಾಸ್ತ, ಅದರ ನಡುವೆ ಆಳು ಹಾಕಿದ್ದು ಒಂದು ಕತ್ತರಿ ಗುರುತು.

ಹೆಸರು ಸಿಕ್ಕಿತಾ, 1870ರ ಜನಗಣತಿಗೆ ಹೋಗು. ಗುಲಾಮರಾಗಿದ್ದ ಜನರನ್ನು ಹೆಸರು ಹಿಡಿದು ಎಣಿಸಿದ ಮೊದಲ ಗಣತಿ ಅದು. 1850, 1860ರಲ್ಲಿ ಅವರಿಗೆ ಬೇರೆ ಪಟ್ಟಿ: ಒಡೆಯನ ಹೆಸರು, ಅದರಡಿ ಇವರ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಹೆಸರೇ ಇಲ್ಲ. ಅದಕ್ಕೂ ಹಿಂದೆ ಹೋಗಬೇಕಾದರೆ ಒಡೆಯರ ಉಯಿಲು, ಆಸ್ತಿ ಪಟ್ಟಿ, ಕ್ರಯಪತ್ರ ಹಿಡಿಯಬೇಕು. ಕುದುರೆ, ಹೇಸರಗತ್ತೆ ಜೊತೆಗೇ ಮನುಷ್ಯರಿಗೂ ಬೆಲೆ ಕಟ್ಟಿರುತ್ತಾರೆ.

ಹುಡುಕುವಾಗ ಫ್ರೀಡ್‌ಮೆನ್, ಕಲರ್ಡ್, ನೀಗ್ರೋ ಅಂತಲೇ ಟೈಪ್ ಮಾಡು. ಆಗಿನವರು ಹಾಗೇ ಬರೆದಿದ್ದಾರೆ, ಏನ್ ಮಾಡೋದು.

ಬೆಣ್ಣೆದೋಸೆ:
ಇಷ್ಟೆಲ್ಲ ಒದ್ದಾಟ ಯಾಕೆ ಸರ್? ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ಗುಲಾಮರಾಗಿದ್ದವರ ಸಂದರ್ಶನ 2,300ಕ್ಕೂ ಜಾಸ್ತಿ ಇವೆ. 1936ರಿಂದ 38ರಲ್ಲಿ ಸರ್ಕಾರವೇ ಜನ ಕಳಿಸಿ ಬರೆಸಿದ್ದು. ಟೈಪ್ ಆಗಿದೆ, ಕೈಬರಹದ ಗೋಳಿಲ್ಲ. ಅವರ ಬಾಯಿಂದಲೇ ಬಂದ ಮೇಲೆ ಮುಗೀತಲ್ವಾ?

ದುರ್ಗದ ಮೇಷ್ಟ್ರು:
ಮುಗಿಯಲ್ಲ ಕಣಪ್ಪ. ಕೇಳೋಕೆ ಹೋದವರಲ್ಲಿ ಬಹಳಷ್ಟು ಜನ ಅದೇ ಊರಿನ ಬಿಳಿಯರು. ಗೌಡರ ಮನೆ ಹುಡುಗ ಪೆನ್ನು ಹಿಡಿದು ಬಂದು "ನಮ್ಮಜ್ಜ ಹೆಂಗಿದ್ರು?" ಅಂದರೆ ಹಳೇ ಜೀತದಾಳು ಏನು ಹೇಳ್ತಾನೆ?

ಚಾರ್ಲ್ಸ್‌ಟನ್ನಿನ ಸೂಸನ್ ಅಂತ ಒಬ್ಬ ಅಜ್ಜಿ, ನೂರರ ಆಸುಪಾಸು. ಜೆಸ್ಸಿ ಬಟ್ಲರ್ ಅನ್ನೋ ಬಿಳಿ ಹೆಂಗಸು ಹೋದಾಗ, ಸರ್ಕಾರದ ನೆರವಿನ ಕಚೇರಿಯವರು ಅಂದುಕೊಂಡ ಅಜ್ಜಿ, ಒಡೆಯ ಫುಲ್ಲರ್ ಒಳ್ಳೆಯವರು ಅಂದರು. ಆಗಸ್ಟಸ್ ಲ್ಯಾಡ್ಸನ್ ಅನ್ನೋ ಕಪ್ಪು ಮನುಷ್ಯ ಹೋದಾಗ ಅದೇ ಬಾಯಲ್ಲಿ ಚಾಟಿ ಏಟು ಬಂತು, ಮನೆಯವರನ್ನು ಮಾರಿದಾಗ ಹಗಲೂ ರಾತ್ರಿ ಕೇಳಿಸುತ್ತಿದ್ದ ಚೀರಾಟ ಬಂತು. ಒಂದು ಕಡತದಲ್ಲಿ ಆಕೆ ಹ್ಯಾಮ್ಲಿನ್, ಇನ್ನೊಂದರಲ್ಲಿ ಹ್ಯಾಮಿಲ್ಟನ್. ಎರಡೂ ಅದೇ ಸಂಗ್ರಹದಲ್ಲಿವೆ. ಬಿಸಾಡಬೇಡಿ, ಆದರೆ ಕೇಳಿದವರು ಯಾರು ಅಂತ ಮೊದಲು ನೋಡಿ.

ಹರಿಹರದ ಹೊಳೆ:
ಪತ್ರಿಕೆ ಬಿಟ್ಟಿರಲ್ಲ ಮೇಷ್ಟ್ರೇ! ಕಪ್ಪು ಜನರೇ ನಡೆಸಿದ ಮೊದಲ ಪತ್ರಿಕೆ ಫ್ರೀಡಮ್ಸ್ ಜರ್ನಲ್, 1827, ನ್ಯೂಯಾರ್ಕ್. ಅದು ನಿಮ್ಮ ಕಾಲಕ್ಕೆ ಹಿಂದಾಯ್ತು ತಂಗಿ. ನಿಮಗೆ ಬೇಕಾದದ್ದು ಅಮೆರಿಕದ ಅಂತರ್ಯುದ್ಧ ಮುಗಿದ ಮೇಲಿನ ಜಾಹೀರಾತು: ಮಾರಿಹೋದ ತಾಯಿ, ತಮ್ಮ, ಮಕ್ಕಳನ್ನು ಹುಡುಕಿ ಹಾಕಿದ್ದು. ಯಾರು ಕೊಂಡರು, ಯಾವ ಊರಿಗೆ ಒಯ್ದರು, ಎಲ್ಲ ನಾಲ್ಕು ಸಾಲಿನಲ್ಲಿ. ವಿಲನೋವಾ ವಿಶ್ವವಿದ್ಯಾಲಯದ ಲಾಸ್ಟ್ ಸೀನ್ ತಾಣದಲ್ಲಿ ಸಾವಿರಾರು ಇವೆ.

ಇನ್ನೊಂದು, ವಿಷಯಕ್ಕೆ ಸಂಬಂಧ ಇಲ್ಲದಿದ್ದರೂ ಹೇಳ್ತೀನಿ. ಅಂಬೇಡ್ಕರ್ ಅವರು 1946ರಲ್ಲಿ ಅಮೆರಿಕದ ಕಪ್ಪು ವಿದ್ವಾಂಸ ಡುಬಾಯ್ಸ್‌ಗೆ ಬರೆದ ಪತ್ರ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಡುಬಾಯ್ಸ್ ಸಂಗ್ರಹದಲ್ಲಿ ಓದೋಕೆ ಸಿಗುತ್ತೆ. ಅಲ್ಲಿನ ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕಳಿಸಿ ಅಂತ ಕೇಳಿದ್ದಾರೆ. ಒಂದೇ ಪುಟ, ಓದಿಬಿಡಿ.

ಹತ್ತಿಮಿಲ್ ಮೊಮ್ಮಗಳು:
ಎಲ್ಲರಿಗೂ ಥ್ಯಾಂಕ್ಸ್. ಮಿಸಿಸಿಪ್ಪಿಯನ್ನೇ ತಗೊಂಡೆ, ಕರಾರೂ ಸಿಕ್ಕಿತು. ಆದರೆ ಸರ್, ಅಕ್ಷರ ಓದೋಕೇ ಆಗ್ತಿಲ್ಲ. ಮಿಸಿಸಿಪ್ಪಿ ಮಧ್ಯೆ "ಎಫ್" ಎಲ್ಲಿಂದ ಬಂತು?

ದುರ್ಗದ ಮೇಷ್ಟ್ರು:
ಅದು ಎಫ್ ಅಲ್ಲ, ಉದ್ದ ಎಸ್. ಎರಡು ಎಸ್ ಜೊತೆಗೆ ಬಂದರೆ ಮೊದಲನೆಯದನ್ನು ಆಗ ಹಾಗೆ ಎಳೆಯುತ್ತಿದ್ದರು. ಅದೇ ಗುಮಾಸ್ತ ಬರೆದ ಬೇರೆ ಪುಟಗಳನ್ನೂ ತೆಗೆ. ತಿಂಗಳು, ಊರು ಗೊತ್ತಿರೋ ಪದಗಳಲ್ಲವಾ, ಅವುಗಳಿಂದ ಅವನ ಕೈ ಕಲಿತುಕೋ. ಮತ್ತೆ ಸುಮ್ನೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಕೂರಬೇಡ. ಮೈಕ್ರೋಫಿಲ್ಮ್ ರೋಲ್ ಸಂಖ್ಯೆ, ಚಿತ್ರದ ಸಂಖ್ಯೆ ಎರಡೂ ಬರೆದಿಟ್ಟುಕೋ, ವೈವಾದಲ್ಲಿ ಕೇಳೋದೇ ಅದನ್ನ.