ಮರಗಸಿಗೆ ಸೊಂಟದ ಹಗ್ಗ: ಗಂಟೇ ಸಾಕೇ, ಅಡ್ಜಸ್ಟರ್ ಬೇಕೇ?

ಮೂಡಿಗೆರೆ ಕಡೆ ನಮ್ಮದು ಎಂಟು ಎಕರೆ ಕಾಫಿ ತೋಟ. ಮರಗಸಿಗೆ, ಅಂದರೆ ನೆರಳು ಮರಗಳ ಕೊಂಬೆ ಕಡಿಯಲು, ಆಳು ಸಿಗದೆ, ಹಗ್ಗದ ಮೇಲೆ ಹತ್ತುವುದನ್ನು ಕಲಿತು ಹೋದ ವರ್ಷದಿಂದ ನಾನೇ ಹತ್ತುತ್ತಿದ್ದೇನೆ. ಸೊಂಟದ ಬೆಲ್ಟಿನಿಂದ ಮರವನ್ನು ಸುತ್ತಿ ಬರುವ ಲ್ಯಾನ್ಯಾರ್ಡಿಗೆ (ಆಸರೆಯ ಹಗ್ಗಕ್ಕೆ) ಪ್ರುಸಿಕ್ ಗಂಟು ಹಾಕಿದ್ದೇನೆ, ಹಗ್ಗದ ಮೇಲೆ ಸರಿಸಿ ಉದ್ದ ಹೊಂದಿಸುವ ದಾರದ ಗಂಟು ಅದು. ಭಾರ ಬಿದ್ದ ಮೇಲೆ ಅದು ಕಚ್ಚಿಕೊಂಡು ಜಪ್ಪಯ್ಯ ಎಂದರೂ ಜಾರುವುದಿಲ್ಲ. ಗಂಟಿನ ಬದಲು ಹಗ್ಗದ ಉದ್ದ ಹೊಂದಿಸುವ ಲೋಹದ ಅಡ್ಜಸ್ಟರ್ ಕೊಳ್ಳಬೇಕೇ? ಬಳಸಿದವರು ತಿಳಿಸಿ.

ಸಕಲೇಶಪುರದಿಂದ:
ದುಡ್ಡು ಸುರಿಯುವ ಮುಂಚೆ ಗಂಟು ಬದಲಿಸಿ ನೋಡಿ ಸರ್. ಡಿಸ್ಟೆಲ್ ಗಂಟು ಪ್ರುಸಿಕ್‌ಗಿಂತ ಬೇಗ ಸಡಿಲವಾಗುತ್ತದೆ: ಮೇಲೆ ನಾಲ್ಕು ಸುತ್ತು, ಕೆಳಗೆ ಒಂದು. ಅದರ ಕೆಳಗೊಂದು ಪುಟ್ಟ ರಾಟೆ ಕೂರಿಸಿದರೆ ಹಗ್ಗದ ತುದಿಯನ್ನು ಒಂದೇ ಕೈಯಲ್ಲಿ ಎಳೆದರೂ ಗಂಟು ಹಿಂದೆಯೇ ಬರುತ್ತದೆ. ನನ್ನ ಹಗ್ಗ 12 ಮಿ.ಮೀ., ಗಂಟಿನ ದಾರ 8 ಮಿ.ಮೀ.

ಎರಡು ವರ್ಷ ಅದರಲ್ಲೇ ಕೆಲಸ ಮಾಡಿದ ನಾನು ಸನ್ನೆ (ಲಿವರ್) ಇರುವ ಅಡ್ಜಸ್ಟರಿಗೆ ಬದಲಾಗಿದ್ದು ಚಗಳಿ ಇರುವೆಗಳ ದೆಸೆಯಿಂದ. ಹಲಸಿನ ಮರದಲ್ಲಿ ಗೂಡಿಗೆ ಕೈ ತಾಗಿತು. ಕುತ್ತಿಗೆಯ ತುಂಬ ಇರುವೆ, ಗಂಟು ಬಿಗಿದು ಕೂತಿದೆ, ಒಂದು ಕೈಯಲ್ಲಿ ಗರಗಸ. ಅಂದು ಕಲಿತ ಬೈಗುಳಗಳನ್ನು ಇಲ್ಲಿ ಬರೆಯಲಾರೆ! ಭಾರ ಇರುವಾಗಲೇ ಒಂದು ಕೈಯಲ್ಲಿ ಹಗ್ಗ ಬಿಡಲು ಬರಬೇಕು ಎಂಬುದೇ ಅಂದಿನಿಂದ ನನ್ನ ಮೊದಲ ಷರತ್ತು.

ಇನ್ನೊಂದು ಮಾತು, ಹಲಸಿನ ಮೇಣ. ಹಗ್ಗಕ್ಕೆ ಅದು ಹತ್ತಿದರೆ ಗಂಟೂ ಓಡುವುದಿಲ್ಲ, ಅಡ್ಜಸ್ಟರೂ ತಡವರಿಸುತ್ತದೆ. ಕೈಗೆ ಹಚ್ಚುವ ಹಾಗೆ ಹಗ್ಗಕ್ಕೂ ತೆಂಗಿನೆಣ್ಣೆ ಹಚ್ಚಿಬಿಟ್ಟೀರಿ ಜೋಕೆ. ಆಮೇಲೆ ಹಿಡಿಯಬೇಕಾದಲ್ಲೇ ಜಾರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಜೀಪಿನಲ್ಲಿ ಹಳೆಯ ಬ್ಯಾಟರಿಯ ಪಕ್ಕ ಇಡಬೇಡಿ, ಆಸಿಡ್ ತಾಗಿದರೆ ನೈಲಾನ್ ಹಾಳಾಗುತ್ತದೆ.

ಇಂಗ್ಲೆಂಡಿನಿಂದ, ಊರು ಕೊಪ್ಪ:
ನಾನಿಲ್ಲಿ ಮರ ಹತ್ತುವುದನ್ನೇ ವೃತ್ತಿ ಮಾಡಿಕೊಂಡಿದ್ದೇನೆ. ಅಡ್ಜಸ್ಟರುಗಳಲ್ಲಿ ಪೆಟ್ಜಲ್ ಕಂಪನಿಯ ಗ್ರಿಲಾನ್, ಝಿಲಾನ್, ಎಆರ್‌ಟಿ ಕಂಪನಿಯ ಪೊಸಿಷನರ್ ಎಲ್ಲವೂ ಇಲ್ಲಿ ಚಾಲ್ತಿಯಲ್ಲಿವೆ. ಯಾವುದನ್ನೇ ಕೊಂಡರೂ ಇಎನ್ 358 (ಇಂಥ ಆಸರೆಯ ಹಗ್ಗ, ಬೆಲ್ಟುಗಳ ಯುರೋಪಿನ ಮಾನದಂಡ) ಗುರುತು ಇದೆಯೇ, ನಿಮ್ಮ ಹಗ್ಗದ ದಪ್ಪಕ್ಕೆ ಹೊಂದುತ್ತದೆಯೇ ನೋಡಿ. ದಪ್ಪ ತಪ್ಪಿದರೆ ದುಬಾರಿ ಅಡ್ಜಸ್ಟರ್ ಕೂಡ ಹಿಡಿಯುವುದಿಲ್ಲ. ಸನ್ನೆ ಕೊಂಬೆಗೆ ಒತ್ತಿಕೊಂಡರೆ ಹಗ್ಗ ತಾನಾಗಿ ಸಡಿಲವಾಗಬಹುದು, ಭಾರ ಹಾಕುವ ಮೊದಲು ಆ ಕಡೆ ಕಣ್ಣು ಹಾಯಿಸಿ.

ಇದು ಬೀಳುವವರನ್ನು ತಡೆಯುವ ಹಗ್ಗವಲ್ಲ, ನಿಂತು ಕೆಲಸ ಮಾಡಲು ಆಸರೆ ಅಷ್ಟೇ. ಸಡಿಲ ಬಿಟ್ಟುಕೊಂಡು ಅದರ ಮೇಲೆ ಬೀಳುವಂತಾಗಬಾರದು. ಚೈನ್‌ಸಾ ಹಿಡಿದಾಗ ಮೇಲಿನ ಹಗ್ಗ (ಮೇಲಿನ ಕೊಂಬೆಗೆ ಹಾಕಿ ಹತ್ತುವ ಹಗ್ಗ) ಮತ್ತು ಲ್ಯಾನ್ಯಾರ್ಡ್ ಎರಡೂ ಇರಲೇಬೇಕು. ಒಳಗೆ ಉಕ್ಕಿನ ತಂತಿ ಇರುವ ಲ್ಯಾನ್ಯಾರ್ಡ್ ಕೈಗರಗಸದ ಗೀರನ್ನು ತಾಳುತ್ತದೆ, ಚೈನ್‌ಸಾ ಮುಂದೆ ಅದನ್ನೂ ನಂಬಬೇಡಿ. ಇಲ್ಲಿ 1998ರ ನಿಯಮದಂತೆ ಈ ಸಾಮಾನುಗಳನ್ನೆಲ್ಲ ಆರು ತಿಂಗಳಿಗೊಮ್ಮೆ ಬಲ್ಲವರು ಪರೀಕ್ಷಿಸಬೇಕು. ಊರಿನಲ್ಲಿ ಯಾರೂ ಕೇಳುವುದಿಲ್ಲವಾದ್ದರಿಂದ ನೀವೇ ಬೆರಳಾಡಿಸಿ ನೋಡಿಕೊಳ್ಳಬೇಕು.

ಶಿರಸಿಯಿಂದ:
ಇದನ್ನು ನೋಡಿ ಯಾರಾದರೂ ಅಡಿಕೆ ಮರಕ್ಕೆ ಹೊರಟಾರು ಎಂದು ಬರೆಯುತ್ತಿದ್ದೇನೆ. ಕೊಂಬೆಯಿಲ್ಲದ, ಪಾಚಿ ಕಟ್ಟಿದ ಮರದಲ್ಲಿ ಒಂದೇ ಸುತ್ತಿನ ಲ್ಯಾನ್ಯಾರ್ಡ್ ನಿಮ್ಮ ಜೊತೆಗೇ ಕೆಳಗಿಳಿಯುತ್ತದೆ. ಮರವನ್ನು ಬಿಗಿದು ಹಿಡಿಯುವಂತೆ ಕಟ್ಟದೆ ಪ್ರಯೋಜನವಿಲ್ಲ.

ಕೇಳಿದವರು:
ಎಲ್ಲರಿಗೂ ವಂದನೆ. ಸದ್ಯ ಡಿಸ್ಟೆಲ್ ಮತ್ತು ರಾಟೆ ಹಾಕಿ ನೋಡುತ್ತೇನೆ. ಸಿಲ್ವರ್ ಓಕ್‌ಗೆಲ್ಲ ಮೆಣಸಿನ ಬಳ್ಳಿ ಹಬ್ಬಿದೆಯಲ್ಲ, ಅಲ್ಲಿ ಲ್ಯಾನ್ಯಾರ್ಡ್ ಸರಿಸುವುದು ಹೇಗೆ?

ಸಕಲೇಶಪುರದಿಂದ:
ಸರಿಸಲೇಬೇಡಿ. ಬಳ್ಳಿ ಬೇರು ಸಮೇತ ಕಿತ್ತು ಬರುತ್ತದೆ, ಮನೆಯಲ್ಲಿ ಬೈಸಿಕೊಳ್ಳುತ್ತೀರಿ. ಬಳ್ಳಿ ಇರುವಷ್ಟೂ ಎತ್ತರಕ್ಕೆ ಏಣಿ, ಜೊತೆಗೆ ಮೇಲಿನ ಹಗ್ಗ. ಬಳ್ಳಿ ಮುಗಿದ ಮೇಲೆ ಲ್ಯಾನ್ಯಾರ್ಡ್ ಸುತ್ತಿ.